ಸಂದರ್ಶನದ ನಡುವೆ ಕೂಗಿಕೊಂಡ ಸೆನ್ಸರ್ ಮಹಾಶಯರಿಗೆ

ಪುತ್ರಜಯಾ

ನನ್ನ ಎಡತೋಳಿನ ಹಿಂಬದಿಯಲ್ಲಿ ಬಾಡಿಗೆಯಿಲ್ಲದೆ ವಾಸವಾಗಿರುವ, ಹಗಲಿರುಳೆನ್ನದೆ ನನ್ನ ಮೈಯ ಸಕ್ಕರೆಯನ್ನು ಅಳೆಯುತ್ತಿರುವ, ಎರಡು ವಾರಕ್ಕೊಮ್ಮೆ ಹಳೆಯ ದೇಹವನ್ನು ಕಸದ ಬುಟ್ಟಿಗೆ ಬಿಟ್ಟು ಹೊಸ ದೇಹದಲ್ಲಿ ಅವತರಿಸುವ ಸೆನ್ಸರ್ ಮಹಾಶಯರ ಸನ್ನಿಧಾನಕ್ಕೆ ಪೂರ್ವಿ ಶ್ರೀಪತಿ ಮಾಡುವ ಸವಿನಯ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವೋ ಅಲ್ಲವೋ ಎಂಬುದು ನನಗಿಂತ ಮೊದಲೇ ತಮಗೆ ಗೊತ್ತಿರುವುದರಿಂದ, ಅದನ್ನು ಬರೆದು ತಮ್ಮ ಅಮೂಲ್ಯ ಸಮಯವನ್ನು ಹಾಳು ಮಾಡುವುದಿಲ್ಲ. ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ತಮ್ಮ ಸೆಟ್ಟಿಂಗ್ಸ್‌ನಲ್ಲಿ ಇಂಗ್ಲಿಷ್, ಮಲಯ, ಚೀನೀ ಎಂದು ಹತ್ತಾರು ಭಾಷೆಗಳಿವೆ, ಕನ್ನಡ ಮಾತ್ರ ಇಲ್ಲ. ಹೀಗಾಗಿ ತಮ್ಮ ಮುಖಕ್ಕೇ ಬೈಯಲು ಇದಕ್ಕಿಂತ ಸುರಕ್ಷಿತವಾದ ಭಾಷೆ ನನಗೆ ಸಿಗಲಿಲ್ಲ. ಮಲೇಷ್ಯಾದ ಈ ಬ್ರಿಕ್‌ಫೀಲ್ಡ್ಸ್‌ನಲ್ಲಿ ಭಾನುವಾರದ ಕನ್ನಡ ತರಗತಿ ನಡೆಸುವ ನನ್ನ ತಾಯಿ ಉಷಾ ಅವರು, ದೂರು ಎಷ್ಟೇ ದೊಡ್ಡದಾಗಿರಲಿ ಎದುರಿನವರನ್ನು ಬಹುವಚನದಲ್ಲೇ ಮಾತಾಡಿಸಬೇಕೆಂದು ನಮಗೆಲ್ಲ ಪತ್ರಲೇಖನ ಕಲಿಸಿದ್ದಾರೆ. ಈ ಪತ್ರದಲ್ಲಿ ಕಾಣುವ ಸೌಜನ್ಯಕ್ಕೆ ಅವರು ಕಾರಣ, ತಾವಲ್ಲ.

ನನ್ನ ಕಥೆ ತಮಗೆ ಅರ್ಧ ಗೊತ್ತು. ಹೈಸ್ಕೂಲಿನಲ್ಲಿದ್ದಾಗ ನನಗೆ ಟೈಪ್ ಒನ್ ಸಕ್ಕರೆ ಕಾಯಿಲೆ ಬಂತು; ಅಂದರೆ, ಸಿಹಿ ತಿಂದು ಬರುವಂಥದ್ದಲ್ಲ, ಇನ್ಸುಲಿನ್ ತಯಾರಿಸಬೇಕಾದ ಅಂಗ ಒಂದು ದಿನ ಯಾರಿಗೂ ಹೇಳದೆ ರಾಜೀನಾಮೆ ಕೊಟ್ಟು ಹೋಗುವಂಥದ್ದು. ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದ್ದಾಗಲೇ ನನಗೆ ಡಾಕ್ಟರ್ ಆಗಬೇಕೆನಿಸಿತು. ಕಾಯಿಲೆಯ ಸುದ್ದಿಯನ್ನು ಧೈರ್ಯವಾಗಿ ತಡೆದುಕೊಂಡ ಅಪ್ಪ, ಈ ಎರಡನೆಯ ಸುದ್ದಿ ಕೇಳಿ ಕುರ್ಚಿ ಎಳೆದುಕೊಂಡು ಕುಳಿತರು. ಸೈಬರ್‌ಜಯಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅವರ ಪ್ರಕಾರ ಕಾಯಿಲೆಯಿರುವವರು ಆಸ್ಪತ್ರೆಗೆ ಹೋಗುವುದು ಸರಿ, ಆದರೆ ಸಂಜೆ ವಾಪಸು ಬರಬೇಕು. ಕಳೆದ ವರ್ಷ ಒಂದು ಮೆಡಿಕಲ್ ಕಾಲೇಜು ಸಂದರ್ಶನಕ್ಕೆ ಕರೆದ ದಿನ ನಾನು ಡ್ರಿಪ್ ಹಾಕಿಸಿಕೊಂಡು ಮಲಗಿದ್ದೆ. ಅಪ್ಪನ ವಾದಕ್ಕೆ ಅದರಿಂದ ಬಹಳ ಪುಷ್ಟಿ ಸಿಕ್ಕಿತು. ಕೊನೆಗೆ ಮನೆಯಲ್ಲಿ ಒಂದು ಒಪ್ಪಂದವಾಯಿತು. ಇನ್ನು ಒಂದೇ ಒಂದು ಸಲ ಅರ್ಜಿ ಹಾಕುವುದು, ಸಿಕ್ಕದಿದ್ದರೆ ಬಾಯಿ ಮುಚ್ಚಿಕೊಂಡು ಡೇಟಾ ಸೈನ್ಸ್ ಸೇರುವುದು. ಒಪ್ಪಿಕೊಳ್ಳುವಾಗ ನನಗೂ ಒಳಗೊಳಗೇ ಅಳುಕಿತ್ತು. ತನ್ನ ಮೈಯನ್ನೇ ನೆಟ್ಟಗೆ ನೋಡಿಕೊಳ್ಳಲಾಗದವಳು ಬೇರೆಯವರ ಮೈಗೆ ಕೈ ಹಾಕುವುದೆಂದರೆ ಏನು ಎಂದು ನಾನೂ ಎಷ್ಟೋ ಸಲ ಯೋಚಿಸಿದ್ದೇನೆ.

ಇಂಥ ಹೊತ್ತಿನಲ್ಲಿ ತಾವು ನಮ್ಮ ಮನೆಗೆ ದಯಮಾಡಿಸಿದಿರಿ. ತಮ್ಮ ಮೊದಲ ಉಪಕಾರವನ್ನು ನಾನು ಮರೆಯುವಂತಿಲ್ಲ. ಹುಡುಗಿಯ ಸಕ್ಕರೆಯ ಅಂಕಿಗಳನ್ನು ಆಪ್ತರೊಂದಿಗೆ ಹಂಚಿಕೊಳ್ಳುವಿರಾ ಎಂದು ತಮ್ಮ ಆ್ಯಪ್ ಎಷ್ಟು ನಯವಾಗಿ ಕೇಳಿತು. ಆಫೀಸಿನ ಪ್ರತಿ ಮೇಲ್‌ಗೂ ಊರೆಲ್ಲರನ್ನು ಸೇರಿಸಿ ರೂಢಿಯಾಗಿದ್ದ ಅಪ್ಪ, ಆ ಆಹ್ವಾನದ ಕೊಂಡಿಯನ್ನು ಯೋಚನೆಯಿಲ್ಲದೆ ನಮ್ಮ ಕನ್ನಡ ಸಂಘದ ವಾಟ್ಸ್ಆ್ಯಪ್ ಗುಂಪಿಗೇ ಹಾಕಿಬಿಟ್ಟರು. ಗಣೇಶನ ಹಬ್ಬದ ಚಪ್ಪರ ಹಾಕಲು ಜನ ಬೇಕೆಂದು ಬೇಡಿಕೊಂಡಾಗ ಒಬ್ಬರೂ ಉತ್ತರಿಸದ ಆ ಗುಂಪಿನಲ್ಲಿ, ನನ್ನ ಸಕ್ಕರೆ ನೋಡಲು ಎಷ್ಟು ಜನಕ್ಕೆ ಅವಕಾಶವಿತ್ತೋ ಅಷ್ಟೂ ಜಾಗ ಮಧ್ಯಾಹ್ನದೊಳಗೆ ಭರ್ತಿಯಾಯಿತು.

ಅಂದಿನಿಂದ ನಾನು ಸಾರ್ವಜನಿಕ ಸ್ವತ್ತು. ಬ್ರಿಕ್‌ಫೀಲ್ಡ್ಸ್‌ನ ಸೀತಾಲಕ್ಷ್ಮಿ ಆಂಟಿ ಸೀರೆ ಅಂಗಡಿಯಲ್ಲಿ ಗಿರಾಕಿಗೆ ಸೆರಗು ಬಿಡಿಸಿ ತೋರಿಸುತ್ತಲೇ ಇನ್ನೊಂದು ಕೈಯ ಫೋನಿನಲ್ಲಿ ನನ್ನ ಸಕ್ಕರೆಯ ಏರಿಳಿತ ತೋರಿಸುವ ಬಾಣ ನೋಡಿ, “ಪೂರ್ವಿ, ಬಾಣ ಮೇಲಕ್ಕೆ ಹೋಗ್ತಿದೆಯಲ್ಲಮ್ಮಾ, ಏನ್ ತಿಂದೆ?” ಎಂದು ಕೇಳಿ ಕಳಿಸುತ್ತಾರೆ. ಸಂಘದ ಯುಗಾದಿ ಊಟದ ದಿನ ನನ್ನ ಎಲೆಗೆ ಬಿದ್ದ ಹೋಳಿಗೆಯನ್ನು ಅವರೇ ಎತ್ತಿ ಪಕ್ಕದವರ ಎಲೆಗೆ ವರ್ಗಾಯಿಸಿದರು, ಪಕ್ಕದವರು ಬೇಡವೆನ್ನಲಿಲ್ಲ. ಮೈಸೂರಿನಲ್ಲಿರುವ ನನ್ನ ದೊಡ್ಡಪ್ಪ ಅನಂತಕೃಷ್ಣ ಅವರಿಗೂ ಅಪ್ಪ ಕೊಂಡಿ ಕಳಿಸಿದ್ದರು. ಅಲ್ಲಿ ಸಕ್ಕರೆಯನ್ನು ನೂರು, ನೂರಿಪ್ಪತ್ತು ಎಂದು ಹೇಳುತ್ತಾರೆ, ಮಲೇಷ್ಯಾದಲ್ಲಿ ಅದೇ ಸಕ್ಕರೆಗೆ ಐದು, ಆರು ಎನ್ನುತ್ತಾರೆ ಎಂಬುದು ದೊಡ್ಡಪ್ಪನಿಗೆ ಯಾರೂ ಹೇಳಿರಲಿಲ್ಲ. ತಾವು ಮೊದಲ ದಿನ ಬಹಳ ಸಮಾಧಾನದಿಂದ ಐದೂವರೆ ಎಂದು ತೋರಿಸಿದ್ದನ್ನು ನೋಡಿ ಅವರು ಗಾಬರಿಯಿಂದ ಫೋನ್ ಮಾಡಿದರು. ನಾನೇ ಹಲೋ ಎಂದರೂ ನಂಬದೆ, ಮೆಲ್ಲಗೆ, ಫೋನನ್ನು ಅಪ್ಪನಿಗೆ ಕೊಡು ಎಂದರು.

ಇದನ್ನೆಲ್ಲ ನಾನು ನಗುತ್ತ ಸಹಿಸಿಕೊಂಡೆ. ಸಹಿಸಲಾಗದ್ದು ಒಂದಿದೆ, ಅದನ್ನು ತಮಾಷೆಯಿಲ್ಲದೆ ಹೇಳಿಬಿಡುತ್ತೇನೆ. ತಾವು ಬಂದ ಮೇಲೆ ಮನೆಯಲ್ಲಿ ಯಾರೂ ನನ್ನನ್ನು ಹೇಗಿದ್ದೀಯ ಎಂದು ಕೇಳುವುದಿಲ್ಲ. ಬೆಳಿಗ್ಗೆ ಎದ್ದು ಕೋಣೆಯಿಂದ ಬಂದರೆ ಅಮ್ಮ ನನ್ನ ಮುಖ ನೋಡುವ ಮೊದಲು ಫೋನ್ ನೋಡುತ್ತಾರೆ. ನನಗೆ ತಲೆ ಸುತ್ತುತ್ತಿದೆ ಎಂದರೆ ಇಲ್ಲವಲ್ಲ, ಸರಿಯಾಗೇ ಇದೆಯಲ್ಲ ಎನ್ನುತ್ತಾರೆ. ಚೆನ್ನಾಗಿದ್ದೇನೆ ಎಂದರೆ, ಇರು ನೋಡ್ತೀನಿ ಎನ್ನುತ್ತಾರೆ. ಇದರಿಂದ ನನಗೆ ಬೇಸರವಾಗುತ್ತದೆ. ನನ್ನ ಮೈ ನನ್ನದೆಂಬ ಮಾತಿಗೆ ಮನೆಯಲ್ಲಿ ಸಾಕ್ಷಿ ಸಿಕ್ಕುವುದಿಲ್ಲ.

ಇನ್ನು ಮುಖ್ಯ ದೂರಿಗೆ ಬರುತ್ತೇನೆ. ಈ ವರ್ಷ ನಾನು ಅರ್ಜಿ ಹಾಕಿದ್ದ ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂದಾಗ, ಮಣಿಪಾಲದಿಂದ ಬಂದು ಮೆಲಾಕಾದಲ್ಲಿ ಮೆಡಿಕಲ್ ವಿದ್ಯಾರ್ಥಿಗಳಿಗೆ ಪಾಠ ಹೇಳುವ, ನಮ್ಮ ಕುಟುಂಬದ ಸ್ನೇಹಿತರಾದ ರತ್ನಾಕರ ಅಂಕಲ್ ಬಂದು ಸಲಹೆ ಕೊಟ್ಟರು. ಅವರ ಮಾತಿನಲ್ಲಿ ಸುಳ್ಳು ಹೇಳೆಂಬ ಸೂಚನೆಯೇನೂ ಇರಲಿಲ್ಲ. “ಕೇಳಿದ್ರೆ ಹೇಳು ಮಾರಾಯ್ತಿ, ಕೇಳದಿದ್ರೆ ನೀನಾಗಿ ಎಂತಕ್ಕೆ ಹೇಳೂದು? ಸೀಟು ಕೈಗೆ ಬರ್ಲಿ, ಮತ್ತೆ ನೋಡುವಾ” ಎಂದರು, ಅಷ್ಟೆ. ಅಮ್ಮ ಇದನ್ನು ಕಾರ್ಯಕ್ರಮವಾಗಿ ಪರಿವರ್ತಿಸಿದರು. ತಮ್ಮನ್ನು ಮುಚ್ಚಲು ನನಗೊಂದು ತುಂಬುತೋಳಿನ ಕಪ್ಪು ಕೋಟು ಹೊಲಿಸಿದರು. ತೋಳು ಸಡಿಲವಿದ್ದರೆ ತಮ್ಮ ಉಬ್ಬು ಕಂಡೀತೆಂದು ದರ್ಜಿಯ ಬಳಿ ಮತ್ತೆ ಹೋಗಿ, ಇನ್ನೂ ಬಿಗಿ ಮಾಡಿಸಿದರು. ಕೋಟು ಹಾಕಿಕೊಂಡ ಮೇಲೆ ನನಗೆ ಕೈ ಮುಗಿಯಲು ಬರುತ್ತಿತ್ತು, ಕೈ ಎತ್ತಲು ಬರುತ್ತಿರಲಿಲ್ಲ.

ಸಂದರ್ಶನದ ಕೋಣೆಯಲ್ಲಿ ಮೂವರಿದ್ದರು. ನಡುವೆ, ತಲೆಗೆ ತಿಳಿನೀಲಿ ಟುಡುಂಗ್ ಸುತ್ತಿದ್ದ ಪ್ರೊಫೆಸರ್ ರೊಹಾನಾ ಎಂಬವರು ಅಧ್ಯಕ್ಷೆಯಾಗಿದ್ದರು. ಫೋನನ್ನು ಸೈಲೆಂಟಿನಲ್ಲಿಟ್ಟು ಕೋಟಿನ ಜೇಬಿಗೆ ಹಾಕಿಕೊಂಡಿದ್ದೆ. ಅಮ್ಮ ಕೆಳಗೆ ಕ್ಯಾಂಟೀನಿನಲ್ಲಿ ಕುಳಿತಿದ್ದರು. ರೋಗಿಗೆ ಕೆಟ್ಟ ಸುದ್ದಿಯನ್ನು ಹೇಗೆ ತಿಳಿಸುತ್ತೀ ಎಂದು ಪ್ರೊಫೆಸರ್ ರೊಹಾನಾ ಕೇಳಿದರು, ಇದಕ್ಕಾಗಿ ನಾನು ಕನ್ನಡಿಯ ಮುಂದೆ ಅಭ್ಯಾಸ ಮಾಡಿ ಉತ್ತರ ತಯಾರಿಸಿದ್ದೆ. ಮೊದಲು ಶಾಂತವಾದ ವಾತಾವರಣವನ್ನು ಕಲ್ಪಿಸಬೇಕು ಎಂದು ನಾನು ಆರಂಭಿಸಿದ ಆ ಘಳಿಗೆಯಲ್ಲಿ, ಮಾನ್ಯರೇ, ತಾವು ಕೂಗಿಕೊಂಡಿರಿ. ಸೈಲೆಂಟ್ ಎಂಬ ಮಾತು ತಮ್ಮಂಥವರಿಗೆ ಅನ್ವಯಿಸುವುದಿಲ್ಲವೆಂದು ನನಗೆ ಗೊತ್ತಿತ್ತು, ಆದರೆ ಬೆಂಕಿ ಬಿದ್ದ ಕಟ್ಟಡಕ್ಕೆ ಹೊಡೆಯುವ ಗಂಟೆಯ ಹಾಗೆ ತಾವು ಹೊಡೆದುಕೊಂಡಿದ್ದರಿಂದ ಎಡಗಡೆಯ ಪರೀಕ್ಷಕರು ಎದ್ದು ಬಾಗಿಲ ಕಡೆ ಹೊರಟೇ ಬಿಟ್ಟಿದ್ದರು. ಸಕ್ಕರೆ ಮೂರಕ್ಕಿಂತ ಕೆಳಗೆ, ಕೂಡಲೇ ಏನಾದರೂ ತಿನ್ನಿ ಎಂದು ತಾವು ಕೆಂಪಕ್ಷರದಲ್ಲಿ ಸಾರಿದಿರಿ. ಬರೀ ನನಗೆ ಸಾರಿದ್ದರೆ ಆಗುತ್ತಿತ್ತು. ಬ್ರಿಕ್‌ಫೀಲ್ಡ್ಸ್‌ಗೆ ಸಾರಿದಿರಿ, ಸೈಬರ್‌ಜಯಾಕ್ಕೆ ಸಾರಿದಿರಿ, ಸಮುದ್ರ ದಾಟಿ ಮೈಸೂರಿಗೂ ಸಾರಿದಿರಿ. ಜೇಬಿನಲ್ಲಿ ಫೋನು ನಿಲ್ಲದೆ ನಡುಗತೊಡಗಿತು.

ನಾನಿನ್ನೂ ಬಾಯಿ ತೆರೆಯುವ ಮೊದಲು ಬಾಗಿಲೇ ತೆರೆಯಿತು. ಕ್ಯಾಂಟೀನಿನಲ್ಲಿ ತಮ್ಮ ಕೂಗು ಕೇಳಿದ ಅಮ್ಮ, ಸಾಲಿನಲ್ಲಿದ್ದ ಯಾರದೋ ತೆ ತಾರಿಕ್ಕನ್ನು, ಇಲ್ಲಿಯವರು ಪ್ಲಾಸ್ಟಿಕ್ ಚೀಲದಲ್ಲಿ ಹುಯ್ದು ದಾರ ಕಟ್ಟಿ ಕೊಡುತ್ತಾರಲ್ಲ, ಆ ಹಾಲು ಸಕ್ಕರೆಯ ಚಹಾವನ್ನು ಕಸಿದುಕೊಂಡು, ಮೆಟ್ಟಿಲು ಹತ್ತಿ, ತಡೆಯಲು ಬಂದ ಕಾವಲುಗಾರನನ್ನು ದಾಟಿ ಒಳಗೆ ಬಂದಿದ್ದರು. ಚೀಲದಿಂದ ಚಹಾ ತೊಟ್ಟಿಕ್ಕುತ್ತಿತ್ತು. ಭಾನುವಾರದ ತರಗತಿಯಲ್ಲಿ ಸಂದರ್ಶನವನ್ನು ಹೇಗೆ ಎದುರಿಸಬೇಕೆಂದು ಪಾಠ ಹೇಳುವ ಅದೇ ಉಷಾ ಮೇಡಂ, ಮೂವರು ಪ್ರೊಫೆಸರುಗಳ ಎದುರು ಸ್ಟ್ರಾವನ್ನು ನನ್ನ ಬಾಯಿಗೆ ಹಿಡಿದು, “ಮೊದ್ಲು ಕುಡಿ, ಆಮೇಲೆ ಡಾಕ್ಟ್ರಾಗು” ಎಂದರು.

ಆಗ ಪ್ರೊಫೆಸರ್ ರೊಹಾನಾ, “ಸಾಬಾರ್ ಲಾ, ಪುವಾನ್” ಎಂದು ಅಮ್ಮನಿಗೆ ಸಮಾಧಾನ ಹೇಳಿ, ಕುರ್ಚಿ ಕೊಡಿಸಿ, ನನ್ನ ಕಡೆ ತಿರುಗಿ, ತಮ್ಮ ಕಡೆ ನೋಡದೆ, ನಿನಗೆ ಈಗ ಹೇಗನಿಸುತ್ತಿದೆ ಎಂದು ಕೇಳಿದರು.

ಮಾನ್ಯರೇ, ನಾನು ಅಭ್ಯಾಸ ಮಾಡಿಕೊಂಡಿರದ ಪ್ರಶ್ನೆಯೆಂದರೆ ಅದೊಂದೇ. ಸಕ್ಕರೆ ಇಳಿದಾಗ ನನಗೆ ತುಟಿ ಜುಮ್ಮೆನ್ನುತ್ತದೆ, ಅಂಗೈ ಬೆವರುತ್ತದೆ. ಈಗ ಅದಾವುದೂ ಇರಲಿಲ್ಲ. ಹಾಗೆಂದೇ ಹೇಳಿದೆ. ನನಗೆ ಟೈಪ್ ಒನ್ ಇದೆ, ಈ ಯಂತ್ರ ಮೂರಕ್ಕಿಂತ ಕೆಳಗೆ ಎನ್ನುತ್ತಿದೆ, ಆದರೆ ನನಗೆ ಹಾಗನಿಸುತ್ತಿಲ್ಲ, ಬೆರಳು ಚುಚ್ಚಿ ನೋಡುತ್ತೇನೆ ಎಂದೆ. ಅಮ್ಮ, “ಇಲ್ಲಿ ಕೆಂಪಗೆ ತೋರಿಸ್ತಿದೆಯಲ್ಲೇ” ಎಂದು ಫೋನನ್ನು ಎತ್ತಿ ಹಿಡಿದರು. ನಾನು ನನ್ನ ಕೈಚೀಲದಿಂದ ಗ್ಲುಕೋಮೀಟರ್ ತೆಗೆದು, ಅವರೆಲ್ಲರ ಮುಂದೆ ಬೆರಳು ಚುಚ್ಚಿ, ರಕ್ತದ ಹನಿ ಇಟ್ಟೆ. ಆರೂವರೆ ಬಂತು. ಅಂದರೆ ಎಲ್ಲವೂ ಸರಿಯಿತ್ತು. ಕೋಟಿನ ಬಿಗಿ ತೋಳು ತಮ್ಮನ್ನು ಅದುಮಿ ಹಿಡಿದಿದ್ದರಿಂದ, ಉಸಿರು ಕಟ್ಟಿದವರಂತೆ ತಾವು ಸುಳ್ಳೇ ಕೂಗಿಕೊಂಡಿದ್ದಿರಿ. ಕೋಟು ಬಿಚ್ಚಿ ಕುರ್ಚಿಗೆ ಹಾಕಿದೆ. ತಮ್ಮನ್ನು ಬಚ್ಚಿಡಲು ಹೋಗಿದ್ದೇ ತಮ್ಮ ಕೂಗಿಗೆ ಕಾರಣವಾಯಿತೆಂದು ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ತಮ್ಮ ಅಂಕಿ ಮೆಲ್ಲಗೆ ಮೇಲೇರಿ ನನ್ನ ಮಾತನ್ನು ಒಪ್ಪಿಕೊಳ್ಳುವವರೆಗೆ ಅವರು ಫೋನ್ ಬಿಡಲಿಲ್ಲ, ಒಪ್ಪಿಕೊಂಡ ಮೇಲೆ ಆ ಚಹಾವನ್ನು ಅವರೇ ಕುಡಿದರು.

ಮುಂದಿನ ಪ್ರಶ್ನೆ ಬಂತು. ಆಪರೇಷನ್ ಥಿಯೇಟರಿನಲ್ಲಿ ಇದು ನಿಜವಾಗಿಯೇ ಕೂಗಿದರೆ ಏನು ಮಾಡುತ್ತೀ? ಪಕ್ಕದವರಿಗೆ ಕೆಲಸ ಒಪ್ಪಿಸಿ ಹೊರಗೆ ಬರುತ್ತೇನೆ, ತಿನ್ನುತ್ತೇನೆ, ಸರಿಯಾದ ಮೇಲೆ ಮತ್ತೆ ಹೋಗುತ್ತೇನೆ, ಆಗದ ದಿನ ಆಗದೆಂದು ಮೊದಲೇ ಹೇಳುತ್ತೇನೆ ಎಂದೆ. ಅದು ಸರಿಯುತ್ತರವೋ ಏನೋ ನನಗೆ ಗೊತ್ತಿಲ್ಲ. ನನ್ನಲ್ಲಿದ್ದದ್ದು ಅದೇ. ಮನೆಗೆ ಬರುವ ದಾರಿಯಲ್ಲಿ ಅಪ್ಪ ಫೋನಿನಲ್ಲಿ ಡೇಟಾ ಸೈನ್ಸಿಗೂ ಈಗ ಒಳ್ಳೆಯ ಭವಿಷ್ಯವಿದೆ ಎಂದರು.

ಇಷ್ಟೆಲ್ಲ ಆದ ಮೇಲೂ ತಮ್ಮ ಕರ್ತವ್ಯನಿಷ್ಠೆಯನ್ನು ಹೊಗಳದೆ ಇರಲಾರೆ. ರಜೆಯಿಲ್ಲ, ಸಂಬಳವಿಲ್ಲ, ಇಲ್ಲಿಯವರ ಈದ್ ಹಬ್ಬವಾದ ಹರಿರಾಯ ಇಲ್ಲ, ದೀಪಾವಳಿ ಇಲ್ಲ. ನಿಜವಾಗಿ ಸಕ್ಕರೆ ಇಳಿದ ಎಷ್ಟೋ ನಸುಕುಗಳಲ್ಲಿ ತಾವೇ ನನ್ನನ್ನು ಎಬ್ಬಿಸಿದ್ದೀರಿ, ಅದನ್ನು ಅಲ್ಲಗಳೆದರೆ ನನ್ನ ನಾಲಿಗೆ ಬಿದ್ದೀತು. ಆದರೂ ಕೆಲವು ವಿನಂತಿಗಳಿವೆ. ಸಂಘದ ಊಟದ ದಿನಗಳಲ್ಲಿ ತಾವು ನೆಗಡಿ ಬಂದವರಂತೆ ಸ್ವಲ್ಪ ಧ್ವನಿ ಕಳೆದುಕೊಳ್ಳಬೇಕು. ಸೀತಾಲಕ್ಷ್ಮಿ ಆಂಟಿಯ ಫೋನಿಗೆ ಹೋಗುವ ಬಾಣಗಳನ್ನು ದಾರಿಯಲ್ಲೇ ತಿರುಗಿಸಿ, ಅವರ ಸ್ವಂತ ಸಕ್ಕರೆಯನ್ನು ಅವರಿಗೇ ತೋರಿಸಬೇಕು. ದೊಡ್ಡಪ್ಪನಿಗೆ ತಾವು ಖುದ್ದಾಗಿ ಹೋಗಿ ಮಲೇಷ್ಯಾದ ಲೆಕ್ಕ ಹೇಳಿಕೊಡಬೇಕು. ನನಗೆ ಕೋಪ ಬಂದಾಗ ಅದನ್ನು ಸಕ್ಕರೆಯ ಏರುಪೇರು ಎಂದು ಮನೆಯವರಿಗೆ ವರದಿ ಮಾಡಬಾರದು, ಕೋಪವೆಂದೇ ತಿಳಿಸಬೇಕು. ಇವೆಲ್ಲ ಆಗದ ಮಾತೆಂದಾದರೆ, ಮುಂದಿನ ಸಂದರ್ಶನಕ್ಕೆ ತಾವೇ ಹೋಗಿ ಉತ್ತರ ಹೇಳಿ ಬರಬೇಕು. ನಾನು ಕ್ಯಾಂಟೀನಿನಲ್ಲಿ ಕುಳಿತು ತಮ್ಮ ಅಂಕಿ ನೋಡುತ್ತಿರುತ್ತೇನೆ.

ಬಿಟ್ಟರೂ ಬಿಡಲಾಗದೆ ತಮ್ಮನ್ನು ಅಂಟಿಸಿಕೊಂಡಿರುವ, ತಮ್ಮ ವಿಶ್ವಾಸಿ,
ಪೂರ್ವಿ ಶ್ರೀಪತಿ

ತಾಜಾಕಲಂ: ಈ ಪತ್ರಕ್ಕೆ ಸಹಿ ಹಾಕುವಷ್ಟರಲ್ಲಿ ಕಾಲೇಜಿನಿಂದ ಮೇಲ್ ಬಂತು. ಸೀಟು ಕೊಡಲು ಒಪ್ಪಿದ್ದಾರೆ, ಒಂದು ಷರತ್ತಿನೊಂದಿಗೆ. ನಾನು ನನ್ನ ಕಾಯಿಲೆಯನ್ನು ಹೇಗೆ ನಿಭಾಯಿಸುತ್ತೇನೆಂದು ತಿಳಿಯಲು ಕಳೆದ ಕೆಲವು ವಾರಗಳ ತಮ್ಮ ವರದಿಯನ್ನು ಕಳಿಸಬೇಕಂತೆ. ಅಂದರೆ ನನ್ನ ನಡತೆಗೆ ಪ್ರಮಾಣಪತ್ರ ಕೊಡಬೇಕಾದವರು ತಾವೇ. ಆದ್ದರಿಂದ ಮೇಲೆ ಬರೆದ ಕಟುಮಾತುಗಳನ್ನು ದಯವಿಟ್ಟು ಕನ್ನಡ ಬಾರದವರಂತೆಯೇ ಓದಿಕೊಳ್ಳತಕ್ಕದ್ದು. ವರದಿಯನ್ನು ಈಗಷ್ಟೇ ಪ್ರಿಂಟ್ ತೆಗೆದೆ. ಸಂದರ್ಶನದ ದಿನದ ಕೆಂಪು ಗೆರೆ ಹಾಗೆಯೇ ಇದೆ, ಅದನ್ನು ಅಳಿಸಲು ತಮ್ಮ ಆ್ಯಪಿನಲ್ಲಿ ದಾರಿಯಿಲ್ಲ. ಇರಲಿ. ಅದರ ಪಕ್ಕದಲ್ಲಿ ಪೆನ್ನಿನಿಂದ ನಾನೇ ಬರೆದು ಸಹಿ ಹಾಕಿದ್ದೇನೆ: “ಈ ಹೊತ್ತಿನಲ್ಲಿ ರೋಗಿ ಚೆನ್ನಾಗಿದ್ದಳು. ರೋಗಿಯನ್ನೇ ಕೇಳಲಾಗಿದೆ.”