ಸೂರ್ಯನ ಚಿತ್ರ ತೋರಿಸುತ್ತಲೇ ಫ್ರಿಜ್ ಆರಿಸಿದ ಮಹನೀಯರಿಗೆ

ನಮ್ಮ ವ್ಯಾನಿನ ಒಳಗೋಡೆಯಲ್ಲಿ, ಬಾಗಿಲ ಪಕ್ಕಕ್ಕೆ, ನಾಲ್ಕು ಸ್ಕ್ರೂಗಳ ಬಲದ ಮೇಲೆ ವಿರಾಜಮಾನರಾಗಿರುವ ಸೋಲಾರ್ ಚಾರ್ಜ್ ಕಂಟ್ರೋಲರ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವಾಗಿದ್ದೀರಿ ಎಂಬುದು ತಮ್ಮ ಹಸಿರು ದೀಪದಿಂದಲೇ ತಿಳಿಯುತ್ತಿರುವುದರಿಂದ ಕುಶಲ ವಿಚಾರಿಸುವ ಉಪಚಾರವನ್ನು ಬಿಟ್ಟು, ನಮ್ಮ ಕ್ಷೇಮದ ಬಗ್ಗೆ ತಾವು ಒಮ್ಮೆಯೂ ಕೇಳದಿದ್ದರೂ ನಾವೇ ಹೇಳಿಕೊಳ್ಳುವ ಉದ್ಧಟತನ ಮಾಡುತ್ತಿದ್ದೇವೆ. ಅಂಗೈಯಗಲದ ಪೆಟ್ಟಿಗೆಯಾಗಿದ್ದುಕೊಂಡು ಚಾವಣಿಯ ಮೇಲಿನ ಸೂರ್ಯನಿಗೂ ಮಂಚದ ಕೆಳಗಿನ ಬ್ಯಾಟರಿಗೂ ನಡುವೆ ಕುಳಿತು, ಇಬ್ಬರಲ್ಲಿ ಯಾರಿಗೆ ಎಷ್ಟು ಸಲ್ಲಬೇಕೆಂದು ತೀರ್ಮಾನಿಸುವ ತಮ್ಮ ಅಧಿಕಾರವನ್ನು ನಾವು ಎಂದೂ ಪ್ರಶ್ನಿಸಿದವರಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಹುಟ್ಟಿದ ಕಾಲಕ್ಕೆ ತಾವಿನ್ನೂ ಮಾರುಕಟ್ಟೆಗೆ ಬಂದಿರಲಿಲ್ಲವಲ್ಲ ಎಂಬುದಷ್ಟೇ ನಮ್ಮ ಬೇಸರ.

ನನ್ನ ಪರಿಚಯ ತಮಗಿರಲಾರದು. ನಾನು ಕವರ್ ಅಂಗಡಿಯವನು. ಅಳತೆ ತೆಗೆದು ಕತ್ತರಿಸುವುದು ನನ್ನ ಕೆಲಸ, ಹೊಲಿಯುವುದು ನನ್ನ ಅಕ್ಕನದು. ಸೋಫಾ, ಮಿಕ್ಸಿ, ಸ್ಕೂಟರು, ಪಿಯಾನೊ, ನೀರಿನ ಪಂಪು, ಹೀಗೆ ಧೂಳು ಕೂರಬಹುದಾದ ಯಾವುದನ್ನೇ ತನ್ನಿ, ಅಕ್ಕ ಅದಕ್ಕೆ ಮೈಗಂಟಿದ ಅಂಗಿ ತೊಡಿಸಿ ಕಳಿಸುತ್ತಾಳೆ. ನಮ್ಮ ಮನೆಯಲ್ಲಿ ರಿಮೋಟಿಗೆ ಕವರಿದೆ, ಕೊಡೆಗೆ ಕವರಿದೆ, ಕವರುಗಳನ್ನು ತುಂಬಿಡುವ ಪೆಟ್ಟಿಗೆಗೂ ಕವರಿದೆ. ಹೊಸ ವಸ್ತುವನ್ನು ಬರಿಮೈಯಲ್ಲಿ ಬಿಡುವುದು ನಮ್ಮ ವಂಶದಲ್ಲೇ ಇಲ್ಲ.

ಅಕ್ಕನಿಗೆ ಒಂದೇ ಒಂದು ಆಸೆ. ಕಡಲ ತೀರದ ಊರುಗಳಿಂದ ದೋಣಿಗಳ ಅಳತೆ ಟಪಾಲಿನಲ್ಲಿ ಬರುತ್ತಿತ್ತು. ಅವಳು ದಪ್ಪ ಟಾರ್ಪಾಲಿನಲ್ಲಿ ಹೊಲಿದು, ಮಡಚಿ, ಕಳಿಸುತ್ತಿದ್ದಳು. ಅರ್ಧ ಆಯುಷ್ಯ ದೋಣಿಗೆ ಹೊಲಿದವಳು ಒಂದು ದೋಣಿಯನ್ನೂ ಕಣ್ಣಾರೆ ಕಂಡಿಲ್ಲ. ತಾನು ಹೊಲಿದದ್ದು ಅವುಗಳ ಮೈಮೇಲೆ ಹೇಗೆ ಕೂತಿದೆ, ಮೂತಿಯ ಹತ್ತಿರ ಸುಕ್ಕು ಬಿದ್ದಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಬೇಕು ಎನ್ನುತ್ತಾಳೆ. ಆದರೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ನಿನ ಔಷಧಿ ಅವಳ ಜೊತೆಗೇ ಹೊರಡಬೇಕು, ಅದು ತಣ್ಣಗಿರಬೇಕು, ಅವಳ ಕಾಲಿಗೆ ನಡುನಡುವೆ ಮಲಗಲು ಜಾಗವೂ ಬೇಕು. ಹಾಗಾಗಿ ಯಾರೋ ಸಾಮಾನು ಸಾಗಿಸಿ ಬಿಟ್ಟ ಹಳೆಯ ವ್ಯಾನು ತಂದು, ಒಳಗೆ ಮಂಚ, ಒಲೆ, ಪುಟ್ಟ ಫ್ರಿಜ್ ಹಾಕಿಸಿ, ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿ, ಕೊನೆಗೆ ತಮ್ಮನ್ನು ಬರಮಾಡಿಕೊಂಡೆವು. ಅಕ್ಕನ ಔಷಧಿಯ ಭಾರವನ್ನೆಲ್ಲ ತಮ್ಮ ತಲೆಯ ಮೇಲೆ ಹೊರಿಸಿದ್ದು ನಮ್ಮ ನಂಬಿಕೆಯ ಅತಿಶಯವೇ ಹೊರತು ತಮ್ಮ ಯೋಗ್ಯತೆಯ ಸಾಕ್ಷಿಯಲ್ಲ.

ಮೊದಲನೆಯ ಪ್ರಯಾಣದಲ್ಲಿ ತಾವು ತೋರಿದ ಕರ್ತವ್ಯನಿಷ್ಠೆಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಓಡುವಾಗ ಇಂಜಿನ್ನು ಬ್ಯಾಟರಿಗೆ ಒಂದಿಷ್ಟು ಉಣಿಸುತ್ತಿತ್ತು, ಎಲ್ಲವೂ ಚೆನ್ನಾಗಿತ್ತು. ಅಕ್ಕನ ಕಾಲು ನೋಯುತ್ತದೆಂದು ಬಯಲೊಂದರಲ್ಲಿ ನಿಲ್ಲಿಸಿ, ಮಾರನೆಯ ದಿನವೂ ಅಲ್ಲೇ ತಂಗಿದೆವು. ಮಟಮಟ ಮಧ್ಯಾಹ್ನ, ಕಾಗೆಯೂ ನೆರಳು ಹುಡುಕುವ ಬಿಸಿಲಿನಲ್ಲಿ, ತಮ್ಮ ಮುಖದ ಮೇಲೆ ನಗುನಗುತ್ತಾ ಸೂರ್ಯನ ಚಿತ್ರ ಬೆಳಗುತ್ತಿರುವಾಗಲೇ, ಬ್ಯಾಟರಿ ಬರಿದಾಗಿದೆ ಎಂದು ತೀರ್ಪಿತ್ತು ತಾವು ಫ್ರಿಜ್ ಆರಿಸಿದಿರಿ. ನಾವು ನೋಡುವ ಹೊತ್ತಿಗೆ ಔಷಧಿಯ ಬಾಟಲಿಗಳು ಚಹಾ ಲೋಟದಷ್ಟು ಬೆಚ್ಚಗಿದ್ದವು. ಅವನ್ನು ಎಸೆದು ಮನೆಗೆ ಹಿಂದಿರುಗಿದೆವು. ದಾರಿಯುದ್ದಕ್ಕೂ ಅಕ್ಕ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. ಇಳಿಯುವಾಗ, “ನನ್ನ ಕಟ್ಕೊಂಡು ಎಲ್ಲಿಗೂ ಹೋಗೋಕಾಗಲ್ಲ ಕಣೋ, ನೀನೊಬ್ಬನೇ ಹೋಗಿ ದೋಣಿ ನೋಡ್ಕೊಂಡು ಬಾ” ಎಂದಳು. ಆ ಮಾತನ್ನು ತಾವೂ ಕೇಳಿಸಿಕೊಂಡಿರಿ, ಹಸಿರು ದೀಪ ಮಿಟುಕಿಸಿದಿರಿ. ನನಗೆ ಅಳು ಬಂತು.

ಆಮೇಲೆ ನಾನು ನಡೆಸಿದ ತನಿಖೆಯ ವೈಭವವನ್ನು ತಾವು ಗೋಡೆಯ ಮೇಲಿಂದ ಮೌನವಾಗಿ ಆನಂದಿಸಿದ್ದೀರಿ. ಫ್ಯೂಸ್ ಬದಲಿಸಿದೆ. ಬ್ಯಾಟರಿಯ ತುದಿಗಳಿಗೆ ಹಿಡಿದಿದ್ದ ಕಿಲುಬನ್ನು ಉಪ್ಪುಕಾಗದದಿಂದ ಉಜ್ಜಿ ಫಳಫಳ ಮಾಡಿದೆ. ಬ್ಯಾಟರಿಯನ್ನು ಕಂಕುಳಲ್ಲಿ ಹೊತ್ತು ರಿಪೇರಿ ಅಂಗಡಿಗೆ ಒಯ್ದರೆ, ಅಲ್ಲಿಯವನು ಪರೀಕ್ಷಿಸಿ, ಇದು ನಿಮಗಿಂತ ಗಟ್ಟಿಯಾಗಿದೆ ಎಂದು ಕಳಿಸಿದ. ಮೀಟರು ಕೊಂಡು ಪ್ಯಾನೆಲಿನಿಂದ ಇಳಿಯುವ ತಂತಿಗಳಿಗೆ ಹಿಡಿದೆ. ವೋಲ್ಟೇಜು ಕೈಪಿಡಿಯಲ್ಲಿ ಹೇಳಿದಷ್ಟೇ ಇತ್ತು. ಪ್ಯಾನೆಲ್ ಸರಿ, ತಂತಿ ಸರಿ, ಬ್ಯಾಟರಿ ಸರಿ; ಹಾಗಾದರೆ ಕಳ್ಳ ಯಾರು? ಮನೆಯಲ್ಲಿ ಮೂವರು ಒಳ್ಳೆಯವರಿದ್ದು ಒಬ್ಬ ಹೊಸಬನಿದ್ದರೆ ಜಗತ್ತು ಯಾರ ಕಡೆ ನೋಡುತ್ತದೋ ನಾನೂ ಅವರ ಕಡೆಯೇ ನೋಡಿದೆ. ತಮ್ಮನ್ನು ಬಿಚ್ಚಿ, ಊದಿ, ಬೆನ್ನು ತಟ್ಟಿ, ಮತ್ತೆ ಕೂರಿಸಿದೆ. ತಾವು ಮತ್ತದೇ ಸೂರ್ಯನನ್ನು ತೋರಿಸಿದಿರಿ.

ಎರಡನೆಯ ಸಲ ಅಕ್ಕನನ್ನು ಹೊರಡಿಸಲು ಪಟ್ಟ ಪಾಡು ಹೇಳುವುದೇ ಬೇಡ. ಫ್ರಿಜ್ ಇನ್ನೊಮ್ಮೆ ನಿಂತರೆ ಗಾಡಿ ಮನೆಗೆ ತಿರುಗಬೇಕು, ಕಡಲಿನ ಮಾತು ಮತ್ತೆ ಯಾರೂ ಎತ್ತಬಾರದು ಎಂದು ಆಣೆ ಹಾಕಿಸಿಕೊಂಡೇ ಹತ್ತಿದಳು. ಅರ್ಧ ದಾರಿಯಲ್ಲಿ, ಲಾರಿಗಳು ನಿಲ್ಲುವ ಬಯಲಿನಲ್ಲಿ ತಂಗಿದ್ದಾಗ, ಇವತ್ತು ಮಧ್ಯಾಹ್ನ, ಇನ್ನೇನು ಫ್ರಿಜ್ ಆರಿಸುತ್ತೇನೆ ಎಂಬಂತೆ ತಮ್ಮ ಬ್ಯಾಟರಿಯ ಚಿತ್ರ ಮಿಣುಕತೊಡಗಿತು. ಅಕ್ಕ ಚಪ್ಪಲಿ ಹಾಕಿಕೊಂಡು ಮುಂದಿನ ಸೀಟಿಗೆ ಹೋಗಿ ಕುಳಿತಳು. ಕೊನೆಯ ಪ್ರಯತ್ನವೆಂದು, ಪ್ಯಾನೆಲಿನ ಅಡಿಯ ತಂತಿಯೇನಾದರೂ ಸಡಿಲವಾಗಿದೆಯೇ ನೋಡಲು ಏಣಿ ಹಾಕಿ ಚಾವಣಿ ಹತ್ತಿ, ಅಡ್ಡ ಬಂದ ಕವರನ್ನು ಬಿಚ್ಚಿ ಪಕ್ಕಕ್ಕಿಟ್ಟೆ.

ಹೌದು ಮಾನ್ಯರೇ, ಕವರು. ಪ್ಯಾನೆಲಿಗೂ ಅಕ್ಕ ಕವರ್ ಹೊಲಿದಿದ್ದಳು. ಅವಳು ದಡ್ಡಳಲ್ಲ, ಇದಕ್ಕೆ ಬಿಸಿಲು ಬೇಕು ಎಂದು ನಾನು ಹೇಳಿದ್ದಕ್ಕೇ, ಸುತ್ತ ದಪ್ಪ ಬಟ್ಟೆ ಇಟ್ಟು, ಮೇಲ್ಗಡೆಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ದೊಡ್ಡ ಕಿಟಕಿ ಕೂರಿಸಿ, ಅಂಚಿಗೆ ನೀಲಿ ಪಟ್ಟಿ ಕೊಟ್ಟು, ಮೂಲೆಗೆ ಎಲಾಸ್ಟಿಕ್ ಹಾಕಿದ್ದಳು. ಅಷ್ಟು ನೀಟಾದ ಹೊಲಿಗೆಯನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ. ಆದರೆ ಆ ಕಿಟಕಿ ಬಿಸಿಲಿಗೆ ಕಾದು ಹಾಲಿನಂತೆ ಬೆಳ್ಳಗಾಗಿ, ಒಳಗೆ ಬೆವರಿ, ಮೇಲೆ ಧೂಳು ಹಿಡಿದು ಕೂತಿತ್ತು. ನಲ್ಲಿಯಲ್ಲಿ ಒತ್ತಡವಿದ್ದೂ ಕೊಡ ತುಂಬದಂತೆ, ವೋಲ್ಟೇಜು ಪೂರ್ತಿ ಬರುತ್ತಿತ್ತು, ಕರೆಂಟು ಮಾತ್ರ ತೊಟ್ಟಿಕ್ಕುತ್ತಿತ್ತು. ಕವರು ತೆಗೆದ ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಅಕ್ಕ ಕೂಗಿದಳು: “ಏನ್ ಮಾಡ್ದೆ? ಬ್ಯಾಟರಿ ಚಿತ್ರ ಮಿಣುಕೋದು ನಿಂತೋಯ್ತು, ಫ್ರಿಜ್ಜೂ ಗುಂಯ್ ಅಂತಿದೆ.”

ನಾನು ಕವರನ್ನು ಮಡಚಿ ಶರ್ಟಿನೊಳಗೆ ತುರುಕಿಕೊಂಡು ಇಳಿದೆ. “ಒಂದು ವೈರ್ ಸಡಿಲ ಇತ್ತಕ್ಕ” ಎಂದೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ತಾವೀಗ ಮುಸಿಮುಸಿ ನಗುತ್ತಿರಬಹುದು. ಇಳಿದ ಮೇಲೆ ಕೈಪಿಡಿಯ ಕೊನೆಯ ಪುಟ ಓದಿ ತಿಳಿದದ್ದೇನೆಂದರೆ, ತಮ್ಮ ಎಡಗಡೆಯ ಸಣ್ಣ ಗುಂಡಿಯನ್ನು ಒತ್ತಿದ್ದರೆ ಎಷ್ಟು ಕರೆಂಟು ಬರುತ್ತಿದೆ ಎಂಬುದನ್ನು ತಾವು ಮೊದಲ ದಿನವೇ ತಿಳಿಸುತ್ತಿದ್ದಿರಂತೆ. ಧನ್ಯೋಸ್ಮಿ. ಕೇಳಿದರೆ ಮಾತ್ರ ಸತ್ಯ ಹೇಳುವ, ಕೇಳದಿದ್ದರೆ ಸೂರ್ಯನ ಚಿತ್ರ ಬರೆದು ಕೂರುವ ತಮ್ಮಂಥವರು ಪೆಟ್ಟಿಗೆಯಾಗಿ ಗೋಡೆಯ ಮೇಲಿರುವುದು ಅನ್ಯಾಯ. ತಾವು ಯಾವುದಾದರೂ ದೊಡ್ಡ ಕಚೇರಿಯಲ್ಲಿ ಮೇಲಧಿಕಾರಿಯಾಗಿರಬೇಕಿತ್ತು.

ಇನ್ನು ನಮ್ಮ ಕೋರಿಕೆಗಳು. ಮುಂದೆ ಸೂರ್ಯನ ಜೊತೆಗೆ ಒಂದು ಕವರಿನ ಚಿತ್ರವನ್ನೂ ತೋರಿಸುವ ಕೃಪೆ ಮಾಡಬೇಕು. ಅದಾಗದಿದ್ದರೆ ಕೊನೇಪಕ್ಷ ಕೆಮ್ಮಬೇಕು. ಅದೂ ಆಗದಿದ್ದರೆ ಸೂರ್ಯನನ್ನೇ ಸಂಪರ್ಕಿಸಿ, ಅಕ್ಕ ಹೊಲಿದ ಕಿಟಕಿಗಳಿಗೆ ಮಾತ್ರ ತುಸು ರಿಯಾಯಿತಿ ತೋರಿಸುವಂತೆ ಶಿಫಾರಸು ಮಾಡಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ದಯವಿಟ್ಟು ತಪ್ಪು ತಮ್ಮದೆಂದು ಒಪ್ಪಿಕೊಳ್ಳಬೇಕು. ತಮಗಾದರೆ ಮರ್ಯಾದೆಯ ಚಿಂತೆಯಿಲ್ಲ. ಅಕ್ಕನಿಗೆ ಗೊತ್ತಾದರೆ ಔಷಧಿ ಹಾಳು ಮಾಡಿದ್ದು ತನ್ನ ಕೈಯೇ ಎಂದು ಕೊರಗುತ್ತಾಳೆ. ಅದಕ್ಕಿಂತ ಹೆಚ್ಚಾಗಿ, ಅಷ್ಟೂ ವರ್ಷ ಹೊಲಿದು ಕಳಿಸಿದ ಕವರುಗಳ ಕೆಳಗೆ ದೋಣಿಗಳು ಹೇಗಿವೆಯೋ ಎಂಬ ಭಯ ಅವಳನ್ನು ಹಿಡಿಯುತ್ತದೆ, ಮತ್ತೆ ಅವಳು ಕಡಲಿನ ಕಡೆ ಮುಖ ಮಾಡುವುದಿಲ್ಲ. ಈ ಪತ್ರವನ್ನು ವ್ಯಾನಿನ ಹಿಂಬಾಗಿಲಿಗೆ ಅಂಟಿಸಿ ಊರಿಗೆಲ್ಲ ತಮ್ಮ ಕೀರ್ತಿ ಸಾರಬೇಕೆಂದಿದ್ದೆ. ಬಹಿರಂಗ ಪತ್ರವನ್ನು ಅಕ್ಕನೂ ಓದಬಲ್ಲಳು ಎಂಬುದು ಇಲ್ಲಿಯವರೆಗೆ ಬರೆದ ಮೇಲೆ ಹೊಳೆಯಿತು.

ಆದ್ದರಿಂದ ಸದ್ಯಕ್ಕೆ ಇದನ್ನು ಔಷಧಿಯ ಪಕ್ಕದಲ್ಲಿ, ಫ್ರಿಜ್ಜಿನೊಳಗೆ ಬಚ್ಚಿಡುತ್ತಿದ್ದೇನೆ.

ಬೇರೆ ಕಂಟ್ರೋಲರ್ ಸಿಗುವವರೆಗೆ
ತಮ್ಮ ವಿಶ್ವಾಸಿ,
ಕವರ್ ಅಂಗಡಿಯಲ್ಲಿ ಕತ್ತರಿ ಹಿಡಿಯುವವನು

ಆಮೇಲೆ ಸೇರಿಸಿದ ಮಾತು: ದಿನಕ್ಕೆರಡು ಬಾರಿ ಇಂಜೆಕ್ಷನ್ ತೆಗೆದುಕೊಳ್ಳುವವಳಿಂದ ಪತ್ರವನ್ನು ಫ್ರಿಜ್ಜಿನಲ್ಲಿ ಬಚ್ಚಿಟ್ಟ ನನ್ನ ಬುದ್ಧಿವಂತಿಕೆಯನ್ನು ತಾವೂ ಮೆಚ್ಚಿರಬೇಕು. ಅಕ್ಕ ನಿಂತಲ್ಲೇ ಪೂರ್ತಿ ಓದಿದಳು. ನನ್ನ ಶರ್ಟಿನ ಉಬ್ಬು ನೋಡಿ ಕೈ ಚಾಚಿದಳು, ಕವರು ಕೊಟ್ಟೆ. ನನ್ನದೇ ಕತ್ತರಿ ತೆಗೆದುಕೊಂಡು ಆ ಪ್ಲಾಸ್ಟಿಕ್ ಕಿಟಕಿಯನ್ನು ಹೊಲಿಗೆಯ ಗುಂಟ ಸರಕ್ಕನೆ ಕತ್ತರಿಸಿ ಎಸೆದು, ಉಳಿದ ನೀಲಿ ಅಂಚನ್ನು ಪ್ಯಾನೆಲಿನ ಸುತ್ತ ಹಾಕಿಬರಲು ನನ್ನನ್ನೇ ಏಣಿ ಹತ್ತಿಸಿದಳು. “ನಡಿ ಬೇಗ, ಆ ದೋಣಿಗಳನ್ನ ನೋಡ್ಬೇಕು. ಸರಿಯಿಲ್ದಿದ್ರೆ ಅಲ್ಲೇ ಕೂತು ಬಿಚ್ಚಿ ಹೊಲೀತೀನಿ” ಎಂದು ಮುಂದಿನ ಸೀಟಿನಲ್ಲಿ ಕುಳಿತಿದ್ದಾಳೆ, ಗಾಡಿ ಕಡಲಿನ ಕಡೆಗೇ ತಿರುಗಿದೆ. ಹೊರಡುವ ಮುನ್ನ ಟೇಪು ಹಿಡಿದು ತಮ್ಮ ಉದ್ದ, ಅಗಲ, ದಪ್ಪವನ್ನೂ ಅಳೆದುಕೊಂಡಳು. ತಮ್ಮ ಕವರಿಗೆ ಕಿಟಕಿ ಇಡುವುದಿಲ್ಲವಂತೆ.