ಪೆನ್‌ಡ್ರೈವಿಗೆ ಹಿಡಿಸದ ಮದುವೆ

ರಾಯದುರ್ಗದ ಜೀನ್ಸ್ ಕಾರ್ಖಾನೆಯೊಂದರಲ್ಲಿ ನಾನು ಕಟಿಂಗ್ ಮಾಸ್ಟರ್. ಎಂಥ ದಪ್ಪನೆಯ ಬಟ್ಟೆಯೇ ಬರಲಿ, ಕತ್ತರಿಸಿ ಅಳತೆಗೆ ತರದೆ ಬಿಟ್ಟವನಲ್ಲ. ಅಂಥವನಿಗೆ ಹೆಬ್ಬೆರಳಿನಷ್ಟು ಪೆನ್‌ಡ್ರೈವಿಗೆ ಒಂದು ವಿಡಿಯೊ ತುಂಬುವುದು ಯಾವ ಮಹಾ ಕೆಲಸ! ಚಹಾ ಆರುವುದರೊಳಗೆ ಮುಗಿಸುತ್ತೇನೆಂದು ಲೋಟ ಪಕ್ಕಕ್ಕಿಟ್ಟೆ. ಆ ಚಹಾ ಸಂಜೆ ಬಚ್ಚಲಿಗೆ ಹೋಯಿತು.

ವಿಡಿಯೊ ನಮ್ಮ ಮದುವೆಯದು. ಹೆಂಡತಿ ಸುಜಾತಾ ಅಂಗನವಾಡಿ ಸೂಪರ್‌ವೈಸರ್. ಅವಳ ಊರು ಮಡಕಶಿರದ ಕಡೆ. ಕೆಲಸವೂ ಅವಳನ್ನು ಮಡಕಶಿರಕ್ಕೇ ವರ್ಗ ಮಾಡಿಕೊಂಡು ಹೋಯಿತು. ನನ್ನನ್ನು ಇಲ್ಲಿನ ಕತ್ತರಿ ಬಿಡಲಿಲ್ಲ. ಅವಳಿಗೆ ಅಲ್ಲೊಂದು ಬಾಡಿಗೆ ಮನೆ, ನನಗೆ ಇಲ್ಲೊಂದು. ತಿಂಗಳಿಗೊಮ್ಮೆ ಅವಳೇ ಬಸ್ಸು ಹತ್ತಿ ಬಂದುಹೋಗುತ್ತಾಳೆ. ಒಬ್ಬನಿಗೆ ಎಷ್ಟು ಅಕ್ಕಿ ಹಾಕಬೇಕೆಂಬುದು ನನಗೆ ಇವತ್ತಿಗೂ ತಿಳಿದಿಲ್ಲ. ದಿನಾ ಇಬ್ಬರ ಅನ್ನ ಮಾಡಿ, ಬೆಳಿಗ್ಗೆ ಒಬ್ಬನೇ ಚಿತ್ರಾನ್ನ ತಿನ್ನುತ್ತೇನೆ. ಮಾತಾಡಬೇಕೆನಿಸಿದರೆ ಕುಕ್ಕರ್ ಇದೆ. ಅದಾದರೂ ಮೂರು ಸಲ ಓಗೊಡುತ್ತದೆ.

ಮದುವೆಯಾದ ದಿನಕ್ಕೆ ಈ ಸಲ ನಾನೇ ಬರುತ್ತೇನೆಂದು ಫೋನ್ ಮಾಡಿದೆ. ಅವಳು ಹೇಳಿದಳು:

“ಬರೋವಾಗ ಮದ್ವೆ ವಿಡಿಯೊ ತಗಂಬನ್ನಿ. ಇಲ್ಲಿ ಅಕ್ಕಪಕ್ಕದೋರು ನಂಗೆ ಗಂಡನೇ ಇಲ್ಲ ಅಂತ ತಿಳ್ಕಂಡವ್ರೆ. ನಾವಿಬ್ರೂ ಒಟ್ಟಿಗೆ ಕೂತಿರೋದ್ನ ಒಂದ್ಸಲ ತೋರಿಸ್ಬೇಕು. ನಂಗೂ ನೋಡ್ಬೇಕು.”

ಆ ಕೊನೆಯ ಮಾತು ನನ್ನನ್ನು ಎರಡು ದಿನ ನಿದ್ದೆ ಮಾಡಗೊಡಲಿಲ್ಲ.

ಹಳೆಯ ಕ್ಯಾಸೆಟ್ಟನ್ನು ಬಳ್ಳಾರಿಯ ಸ್ಟುಡಿಯೊದವರು ಒಂದೇ ಉದ್ದನೆಯ ಫೈಲು ಮಾಡಿ, ನನ್ನ ಮನೆಯ ಕಂಪ್ಯೂಟರಿಗೆ ಹಾಕಿಕೊಟ್ಟಿದ್ದರು. ಎಂಟು ಜಿಬಿಗೆ ಸ್ವಲ್ಪ ಕಡಿಮೆ. ಪೆನ್‌ಡ್ರೈವು ಮೂವತ್ತೆರಡರದು. ಕಾಪಿ ಎಂದು ಒತ್ತಿದೆ. ಫೈಲು ಬಹಳ ದೊಡ್ಡದು, ಹಿಡಿಸುವುದಿಲ್ಲ ಎಂದಿತು! ಜಾಗ ಸಾಲದೇನೋ ಎಂದು ಅದರಲ್ಲಿದ್ದ ಭಕ್ತಿಗೀತೆಗಳನ್ನು ಅಳಿಸಿದೆ. ಅದೇ ಉತ್ತರ. ಸಿನಿಮಾ ಹಾಡುಗಳನ್ನು ಅಳಿಸಿದೆ. ಅದೇ ಉತ್ತರ. ಸಂಜೆ ಹೊತ್ತು ನನ್ನ ಮನೆಯಲ್ಲಿ ಮನುಷ್ಯರ ದನಿ ಎಂದರೆ ಆ ಹಾಡುಗಳೇ ಆಗಿದ್ದವು, ಅವನ್ನೂ ನೀಗಿಕೊಂಡೆ. ಬಜಾರಿಗೆ ಹೋಗಿ ಹೊಸ ಪೆನ್‌ಡ್ರೈವು ತಂದೆ. ಅತ್ತೆಗೆ ತಕ್ಕ ಸೊಸೆ, ಅದೂ ಹಾಗೇ ಅಂದಿತು.

ಜಗಳಕ್ಕೆಂದು ಅಂಗಡಿಗೆ ವಾಪಸು ಹೋದರೆ ಅಂಗಡಿಯವರು ನನ್ನನ್ನೇ ಕೂರಿಸಿ ಸಮಾಧಾನ ಮಾಡಿದರು.

“ಮಾಸ್ಟರ್ರ, ಇದು ಖಾಲಿನ ಐತ್ರಿ. ಆದ್ರ ಇದರ ಫಾರ್ಮ್ಯಾಟ್ ಹಳೇ ಪದ್ಧತೀದು. ನಾಕ್ ಜಿಬಿ ದಾಟಿದ್ದು ಒಂದ ಫೈಲ್ ಕೊಟ್ರ ತಗಳಂಗಿಲ್ಲ. ಫಾರ್ಮ್ಯಾಟ್ ಬದ್ಲಿ ಮಾಡ್ಲೇನ್ರಿ, ಇಲ್ಲಾ ಫೈಲ್ ಎರಡು ತುಂಡ್ ಮಾಡ್ತೀರೇನ್ರಿ?”

ತುಂಡು ಮಾಡುವುದು! ಕಟಿಂಗ್ ಮಾಸ್ಟರನ್ನು ಕೇಳುವ ಪ್ರಶ್ನೆಯೇ ಇದು? ಫಾರ್ಮ್ಯಾಟಿನ ವಿಚಾರ ಅವರಿಗೇ ಬಿಟ್ಟು ಎದ್ದುಬಂದೆ. ವಿಡಿಯೊ ಕತ್ತರಿಸುವ ಸಾಫ್ಟ್‌ವೇರು ಹಾಕಿಕೊಂಡು ಸರಿಯಾಗಿ ನಡುವಿಗೆ ಕತ್ತರಿಸಿದೆ. ಎರಡೂ ತುಂಡು ನಾಲ್ಕರೊಳಗೆ ಬಂದವು. ಅಲ್ಲಿಗೆ ಕೈಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹೊಲಿಗೆಗೆಂದು ಅಂಚಿನಲ್ಲಿ ಮಾರ್ಜಿನ್ ಬಿಡದೆ ಕತ್ತರಿಸಿದವನು ಮಾಸ್ಟರ್ ಹೇಗಾದಾನು? ಜೋಡಣೆ ಗೊತ್ತಾಗಬಾರದೆಂದು ಎರಡನೆಯ ತುಂಡನ್ನು ಮತ್ತೆ ಕತ್ತರಿಸಿ, ಕಾಲು ಗಂಟೆ ಹಿಂದಿನಿಂದಲೇ ಶುರುವಾಗುವಂತೆ ಮಾಡಿದೆ. ಮರುದಿನ ಬೆಳಿಗ್ಗೆ ಎರಡನ್ನೂ ಕಾಪಿಗೆ ಹಾಕಿ ಅಂಗಿ ಇಸ್ತ್ರಿ ಮಾಡಲು ಹೋದೆ. ಬಂದು ನೋಡಿದರೆ ಕಂಪ್ಯೂಟರು ಇಂಗ್ಲಿಷಿನಲ್ಲಿ ಏನೋ ಕೇಳುತ್ತಿತ್ತು. ಬಸ್ಸಿನ ಹೊತ್ತಾಗಿತ್ತು. ಓದದೆ ‘ಸ್ಕಿಪ್’ ಒತ್ತಿ, ಪೆನ್‌ಡ್ರೈವನ್ನು ಜೇಬಿಗಿಳಿಸಿ ಹೊರಟೆ.

ಮಡಕಶಿರದಲ್ಲಿ ಸುಜಾತಾ ರೇಷ್ಮೆ ಸೀರೆ ಉಟ್ಟು, ಒಬ್ಬಟ್ಟು ಮಾಡಿ, ಓಣಿಯವರನ್ನೆಲ್ಲ ಕರೆದು ಕೂರಿಸಿದ್ದಳು. ನಾನು ಗಂಭೀರವಾಗಿ ಪೆನ್‌ಡ್ರೈವನ್ನು ಟಿವಿಗೆ ಸಿಕ್ಕಿಸಿದೆ.

ನಮ್ಮ ಮದುವೆ ನಡೆದದ್ದು ರಾಯದುರ್ಗದಲ್ಲಿ. ಅಂದು ಮಡಕಶಿರದಿಂದ ಹೊರಟ ಹೆಣ್ಣಿನ ಕಡೆಯವರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಅವರು ಬರುವವರೆಗೂ ವಿಡಿಯೊದ ಪುಣ್ಯಾತ್ಮ ನನ್ನನ್ನೇ ಹಿಡಿದಿದ್ದ. ಬಾಸಿಂಗ ಕಟ್ಟಿಕೊಂಡು ಕೂತಿದ್ದೇನೆ. ಬೆವರು ಒರೆಸಿಕೊಳ್ಳುತ್ತೇನೆ. ಬಾಗಿಲ ಕಡೆ ನೋಡುತ್ತೇನೆ. ಮತ್ತೆ ಬೆವರು. ಮತ್ತೆ ಬಾಗಿಲು. ಓಣಿಯವರು ಮೊದಲು ನಕ್ಕರು, ಆಮೇಲೆ ಆಕಳಿಸಿದರು. ಕೊನೆಗೊಮ್ಮೆ ವಾಲಗ ಜೋರಾಯಿತು, ಟಿವಿಯೊಳಗೆ ಎಲ್ಲರೂ ಎದ್ದು ನಿಂತರು. ಸುಜಾತಾ ಮುಂದಕ್ಕೆ ಬಾಗಿ ಕೂತಳು. ಟಿವಿ ಕಪ್ಪಾಯಿತು.

ಎರಡನೆಯ ತುಂಡಿಗಾಗಿ ರಿಮೋಟಿನ ಗುಂಡಿಗಳನ್ನೆಲ್ಲ ಒತ್ತಿದೆ. ಇರಲಿಲ್ಲ.

“ಹೆಣ್ಣೆಲ್ಲಮ್ಮ?” ಎಂದರು ಪಕ್ಕದ ಮನೆಯ ಅಜ್ಜಿ.

“ಹೆಣ್ಣು ರಾಯದುರ್ಗದಾಗೇ ಉಳ್ಕಂತು ಅಜ್ಜಿ,” ಎಂದಳು ಸುಜಾತಾ. “ಈ ಸಲ ಗಂಡು ಒಂದೇ ಬಂದೈತೆ.”

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗುತ್ತಲೇ ಅಡುಗೆಮನೆಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ನಾನು ಪೆನ್‌ಡ್ರೈವನ್ನು ಕಿತ್ತು ಜೇಬಿಗಿಳಿಸಿದೆ.

ಮಾರನೆಯ ದಿನ ಮನೆಗೆ ಬಂದವನೇ ಕಂಪ್ಯೂಟರ್ ಹಾಕಿದೆ. ನಾನು ಬಿಟ್ಟ ಮಾರ್ಜಿನ್ನಿನಿಂದಲೇ ಎರಡನೆಯ ತುಂಡು ನಾಲ್ಕು ಜಿಬಿ ದಾಟಿ, ಪೆನ್‌ಡ್ರೈವಿಗೆ ಹಿಡಿಸದೆ ಅಲ್ಲೇ ಉಳಿದಿತ್ತು. ಕಟಿಂಗ್ ಮಾಸ್ಟರಂತೆ! ಹೆಂಡತಿಯ ಮುಖವನ್ನಾದರೂ ನೋಡೋಣವೆಂದು ಅದನ್ನು ತೆರೆದೆ.

ಬಾಸಿಂಗ ಕಟ್ಟಿಕೊಂಡ ಒಬ್ಬ ಬೆವರು ಒರೆಸಿಕೊಳ್ಳುತ್ತ ಬಾಗಿಲು ನೋಡುತ್ತಿದ್ದ. ಮಾರ್ಜಿನ್ನಿನ ಕಾಲು ಗಂಟೆ. ಅದನ್ನು ದಾಟಿಸಿ ಮುಂದಕ್ಕೆ ಓಡಿಸಬಹುದಿತ್ತು, ಯಾಕೋ ಮನಸ್ಸಾಗಲಿಲ್ಲ. ಕುಕ್ಕರಿಗೆ ಇಬ್ಬರ ಅಕ್ಕಿ ಹಾಕಿ ಬಂದು ಅವನೆದುರು ಕೂತೆ. ಇಬ್ಬರೂ ಮಡಕಶಿರದಿಂದ ಬರುವ ಬಸ್ಸಿಗೆ ಕಾಯತೊಡಗಿದೆವು.