ಅಕ್ಕನ ಬಾಲ್ಯವನ್ನು ಪಂಡಿತರಿಗೆ ಕೊಟ್ಟಿದ್ದು

ಊರಿನಲ್ಲಿ ಜಾತಕ ಬರೆದುಕೊಡುವವರಿದ್ದಾರೆ, ಕಚೇರಿಯ ಮುಂದೆ ಕೂತು ಅರ್ಜಿ ಬರೆದುಕೊಡುವವರಿದ್ದಾರೆ. ನಾನು ಬಾಲ್ಯ ಬರೆದುಕೊಡುತ್ತೇನೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ವಾಸಿ. ಗಡಿಯಾಚೆ ಮರಾಠಿ ಸೀಮೆಯ ನಮ್ಮ ಉಮರ್ಗಾ, ನಿಲಂಗಾ, ಉದಗೀರ ಕಡೆ ಯಾರಾದರೂ ಸ್ವಲ್ಪ ದೊಡ್ಡವರಾದರೆ ಸಾಕು, ಅವರಿಗೆ ಅರವತ್ತು ತುಂಬುವುದನ್ನೇ ಕಾಯುತ್ತಿದ್ದವರಂತೆ ಬೆಂಬಲಿಗರು ಗೌರವ ಗ್ರಂಥ ತೆಗೆಯುತ್ತಾರೆ. ಸಾಧನೆಯ ಅಧ್ಯಾಯ ಬರೆಯಲು ಹತ್ತು ಜನ ಮುಂದೆ ಬರುತ್ತಾರೆ. ಬಾಲ್ಯದ ಅಧ್ಯಾಯ ಮಾತ್ರ ಯಾರಿಗೂ ಬೇಡ, ಯಾಕೆಂದರೆ ಅದು ಯಾರಿಗೂ ಗೊತ್ತಿರುವುದಿಲ್ಲ. ಎಷ್ಟೋ ಸಲ ಆ ದೊಡ್ಡವರಿಗೂ ಗೊತ್ತಿರುವುದಿಲ್ಲ. ಆಗ ಯಾರಿಗೋ ನನ್ನ ನೆನಪಾಗುತ್ತದೆ. ಮೂವತ್ತಾರು ವರ್ಷ ಶಾಲೆಯಲ್ಲಿ ಮರಾಠಿ ಕಲಿಸಿದ ಗುರುಜಿ, ಅಕ್ಷರ ದುಂಡಗಿದೆ, ಸದಾ ಮನೆಯಲ್ಲೇ ಇರುತ್ತಾನೆ, ಒಂದು ಶಾಲು, ಒಂದು ತೆಂಗಿನಕಾಯಿಗೆ ಒಪ್ಪುತ್ತಾನೆ. ಬಾಲ್ಯಗಳನ್ನು ಬರೆಯುವುದು ಮರಾಠಿಯಲ್ಲಿ. ಈ ತಪ್ಪೊಪ್ಪಿಗೆಯನ್ನು ಮಾತ್ರ ಮನೆಮಾತಾದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ಕಾರಣ ಭಾಷಾಭಿಮಾನ ಎಂದು ನೀವು ತಿಳಿದರೆ ಅದು ನಿಮ್ಮ ಒಳ್ಳೆಯತನ. ನನ್ನ ಗಿರಾಕಿಗಳಲ್ಲಿ ಯಾರಿಗೂ ಕನ್ನಡ ಓದಲು ಬರುವುದಿಲ್ಲ, ಅಷ್ಟೆ.

ಬಾಲ್ಯ ಬರೆಯುವುದು ಕಷ್ಟದ ಕೆಲಸವೇನಲ್ಲ. ಮುಂದಾಳುವಾದರೆ ಎಂಟನೆಯ ವಯಸ್ಸಿಗೇ ಅವರಿಗೆ ನ್ಯಾಯ ಯಾವುದು, ಅನ್ಯಾಯ ಯಾವುದು ಎಂಬುದು ತಿಳಿದಿರಬೇಕು. ಏಳಕ್ಕೆ ತಿಳಿದರೆ ಜನ ನಂಬುವುದಿಲ್ಲ, ಒಂಬತ್ತಾದರೆ ತಡವಾಯಿತು ಅನ್ನಿಸುತ್ತದೆ. ಹಾಗಾಗಿ ನಾನು ಬರೆದ ಹನ್ನೊಂದು ಜನ ಮುಂದಾಳುಗಳಿಗೂ ಸರಿಯಾಗಿ ಎಂಟಕ್ಕೇ ತಿಳಿದಿದೆ. ಆಮೇಲೆ ಒಂದಿಷ್ಟು ಬಡತನ, ಶಾಲೆಗೆ ದೂರದ ನಡಿಗೆ, ಮನೆಯಲ್ಲಿ ಒಬ್ಬ ಅಜ್ಜಿ. ಬಡತನದ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ಶಿರೂರ ಅನಂತಪಾಳದ ಒಬ್ಬ ಮುಖಂಡರು ಗ್ರಂಥ ಹಿಡಿದುಕೊಂಡು ಮನೆಗೇ ಬಂದು, ತಮ್ಮ ಎದುರಾಳಿಗೆ ಬರಿಗಾಲು ಕೊಟ್ಟು ತಮಗೆ ಹಳೇ ಚಪ್ಪಲಿ ಕೊಟ್ಟದ್ದು ಯಾಕೆ ಎಂದು ಕೇಳಿದರು. ಎರಡನೆಯ ಮುದ್ರಣದಲ್ಲಿ ಚಪ್ಪಲಿ ತೆಗೆಯುತ್ತೇನೆಂದು ಸಮಾಧಾನ ಮಾಡಿ ಚಹಾ ಕುಡಿಸಿ ಕಳಿಸಿದೆ.

ನನ್ನ ತೊಂದರೆ ಬೇರೆಯದು. ಇಷ್ಟು ಜನರಿಗೆ ಹಂಚಲು ಬಾಲ್ಯಗಳನ್ನು ಎಲ್ಲಿಂದ ತರುವುದು? ಕಟ್ಟುಕತೆ ಹೆಣೆಯುವ ಬುದ್ಧಿ ನನಗಿಲ್ಲ. ಹಾಗಾಗಿ ನಮ್ಮ ಮನೆಯದನ್ನೇ ಕೊಡುತ್ತ ಬಂದೆ. ನಮ್ಮದು ಉಮರ್ಗಾ ಹತ್ತಿರದ ತುರೋರಿಯಲ್ಲಿ ಕುರಿ ಸಾಕುವ ಮನೆತನ, ಬೀರಪ್ಪನ ಒಕ್ಕಲು. ಕಾಕಾ ಕುರಿ ಕಾಯುತ್ತಲೇ ಮರಳಿನಲ್ಲಿ ಅಕ್ಷರ ತಿದ್ದಿದ್ದನ್ನು ಒಬ್ಬ ಶಿಕ್ಷಣ ಸಂಸ್ಥೆಯ ಅಧ್ಯಕ್ಷರಿಗೆ ಕೊಟ್ಟೆ. ಹೆದ್ದಾರಿಯ ಹೋಟೆಲಿನ ದೀಪದ ಕೆಳಗೆ, ಲಾರಿಗಳ ಧೂಳಿನಲ್ಲಿ ಕೂತು ನಾನು ಪರೀಕ್ಷೆಗೆ ಓದಿದ್ದನ್ನು ಒಬ್ಬ ಸಭಾಪತಿಗಳಿಗೆ ಕೊಟ್ಟೆ. ಅದನ್ನು ಬರೆಯುವಾಗ ಒಂದು ಸಂಶಯ ಬಂತು. ಆ ದೀಪ ಅವರನ್ನು ಸಭಾಪತಿ ಮಾಡಿದ್ದರೆ ನನ್ನನ್ನು ಯಾಕೆ ಕನ್ನಡಕದ ಮಾಸ್ತರನನ್ನಾಗಿ ಮಾಡಿತು? ದೊಡ್ಡವರನ್ನು ಬಾಲ್ಯವೇ ರೂಪಿಸುತ್ತದೆ ಎಂದು ಪ್ರತಿ ಗ್ರಂಥದ ಮೊದಲ ಸಾಲಿನಲ್ಲಿ ಬರೆಯುವವನು ನಾನೇ. ಆ ಸಾಲಿನ ಮೇಲೆ ನನಗೇ ಪೂರ್ತಿ ನಂಬಿಕೆಯಿಲ್ಲ. ನಿಮ್ಮ ಹುಡುಗತನವನ್ನೆಲ್ಲ ಮಂದಿಗೆ ಕೊಟ್ಟ ಮೇಲೆ ನಿಮಗೇನು ಉಳಿಯಿತು ಎಂದು ನನ್ನ ಹೆಂಡತಿ ಒಮ್ಮೆ ಕೇಳಿದ್ದಳು. ಮುಪ್ಪು ಉಳಿದಿದೆಯಲ್ಲ ಎಂದು ನಕ್ಕಿದ್ದೆ.

ಹೋದ ವರ್ಷ ಬಂದವರು ಶಿವಲಿಂಗಪ್ಪ. ಉದಗೀರ ಹತ್ತಿರದ ಹಳೆಯ ಲಿಂಗಾಯತ ಒಕ್ಕಲುತನದ ಮನೆಯವರು, ಸಂಗೀತದ ಹುಚ್ಚು. ನಿಲಂಗಾದಲ್ಲಿ ಹುಟ್ಟಿ ಈಗ ಪುಣೆಯಲ್ಲಿ ದೊಡ್ಡ ಹೆಸರು ಮಾಡಿರುವ ಗಾಯಕರಿಗೆ ಉದಗೀರದಲ್ಲಿ ಸತ್ಕಾರ ಇಟ್ಟಿದ್ದರು. ಸಮಿತಿಗೆ ಇವರೇ ಕಾರ್ಯದರ್ಶಿ. ಗಾಯಕರನ್ನು ಎಲ್ಲರೂ ಪಂಡಿತರು ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಫೋನಿನಲ್ಲಿ ಅವರನ್ನೇ ಕೇಳಿದೆ. ಪಾಪ, ಸತ್ಯವಂತರು. ತಂದೆಗೆ ಒಳ್ಳೆಯ ನೌಕರಿ ಇತ್ತು, ಮನೆಯಲ್ಲಿ ತಂಬೂರಿ ಇತ್ತು, ಕಲಿಸಲು ಗುರುಗಳು ಮನೆಗೇ ಬರುತ್ತಿದ್ದರು ಎಂದರು. ಕಷ್ಟ ಏನಾದರೂ ಎಂದು ಕೇಳಿದ್ದಕ್ಕೆ ತುಂಬ ಯೋಚಿಸಿ, ಒಂದು ಸಲ ಗಂಟಲು ಬೇನೆಯಾಗಿತ್ತು ಎಂದು ನೆನಪು ಮಾಡಿಕೊಂಡರು. ನಾನು ಇದ್ದದ್ದನ್ನು ಇದ್ದ ಹಾಗೆ ಬರೆದು ಕೊಟ್ಟೆ. ಶಿವಲಿಂಗಪ್ಪ ಓದಿ ಹಾಳೆಯನ್ನು ಮೆಲ್ಲಗೆ ನನ್ನ ಮುಂದೆ ಇಟ್ಟರು.

"ಗುರುಜಿ, ಇದರಾಗ ಜರಾ ತಕಲೀಫ್ ಹಾಕ್ರಿ. ತಕಲೀಫ್ ಇಲ್ದ ಕಲಾಕಾರ ಹ್ಯಾಂಗ ಆಗ್ತಾನ್ರೀ?"

ನನ್ನ ಹತ್ತಿರ ಆಗ ಒಂದೇ ಒಂದು ಬಾಲ್ಯ ಉಳಿದಿತ್ತು. ಅದು ನನ್ನ ಅಕ್ಕ ಮಾಳಾಬಾಯಿಯದು. ಇಷ್ಟು ವರ್ಷ ಅದನ್ನು ಮುಟ್ಟಿರಲಿಲ್ಲ.

ನಮ್ಮಪ್ಪ ಡೊಳ್ಳಿನ ಮೇಳದ ಮುಖ್ಯ ಹಾಡುಗಾರ. ನಮ್ಮ ಮನೆತನದಲ್ಲಿ ಡೊಳ್ಳನ್ನು ಗಂಡಸರಷ್ಟೇ ಮುಟ್ಟಬೇಕು. ಅಕ್ಕ ಮುಟ್ಟಲಿಲ್ಲ. ಅಪ್ಪ ಡೊಳ್ಳು ರಿಪೇರಿ ಮಾಡಿ ಎಸೆದ ಚರ್ಮದ ಚೂರೊಂದನ್ನು ಎತ್ತಿಟ್ಟುಕೊಂಡು, ಖಾಲಿ ಎಣ್ಣೆ ಡಬ್ಬಿಯ ಬಾಯಿಗೆ ಬಿಗಿದು ಕಟ್ಟಿ ತನ್ನದೇ ಒಂದು ಡೊಳ್ಳು ಮಾಡಿಕೊಂಡಳು. ಆಗ ಅವಳಿಗೆ ಹನ್ನೊಂದು, ನನಗೆ ಎಂಟು. ಇಬ್ಬರೂ ಕುರಿ ಹೊಡೆದುಕೊಂಡು ಹೋಗುತ್ತಿದ್ದೆವು. ಜಾಲಿ ಗಿಡದ ನೆರಳಿನಲ್ಲಿ ಕೂತು ಅವಳು ಅಪ್ಪನ ಹಾಡುಗಳನ್ನೆಲ್ಲ ಮೊದಲಿಂದ ಕೊನೆಯವರೆಗೆ, ಒಂದು ನುಡಿ ಬಿಡದೆ ಹಾಡುತ್ತಿದ್ದಳು. ಬೆರಳುಗಳು ಡಬ್ಬಿಯ ಮೇಲೆ ಓಡುತ್ತಿದ್ದವು. ದೂರ ಹೋದ ಕುರಿಗಳು ಆ ಪೆಟ್ಟು ಕೇಳಿ ತಾವೇ ತಿರುಗಿ ಬರುತ್ತಿದ್ದವು. ನನಗೂ ಕೊಡು ಎಂದು ಹಟ ಮಾಡಿದಾಗ ಒಮ್ಮೆ ಕೊಟ್ಟಳು. ನಾನು ಬಾರಿಸಿದೆ, ಹತ್ತಿರ ಇದ್ದ ಕುರಿಗಳೂ ಚದುರಿ ಹೋದವು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಡೊಳ್ಳಿಗೆ ವಾರಸುದಾರನೆಂದು ಅಪ್ಪ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದದ್ದು ನನ್ನನ್ನು. ಆ ನಗುವನ್ನು ನನಗೆ ಸಹಿಸಲಾಗಲಿಲ್ಲ.

ಅವತ್ತೇ ಅಪ್ಪನಿಗೆ ಹೇಳಿದೆ. ಮರುದಿನ ಅಪ್ಪ ನಮ್ಮ ಹಿಂದೆಯೇ ಬಂದು ಬದುವಿನ ಮರೆಯಲ್ಲಿ ನಿಂತ. ಅಕ್ಕನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಹಾಡು ಮುಗಿಯುವ ತನಕ ಅಪ್ಪ ನಿಂತೇ ಇದ್ದ. ನಡುವೆ ಒಮ್ಮೆ ಅವನ ತಲೆ ತಾಳಕ್ಕೆ ಸರಿಯಾಗಿ ಅಲ್ಲಾಡಿದ್ದನ್ನೂ ನೋಡಿದೆ. ಆಮೇಲೆ ಬಂದು, ಬೈಯಲಿಲ್ಲ, ಹೊಡೆಯಲಿಲ್ಲ. ಚಾಕುವಿನಿಂದ ಚರ್ಮದ ಕಟ್ಟು ಕತ್ತರಿಸಿ ಖಾಲಿ ಡಬ್ಬಿಯನ್ನು ಮನೆಗೆ ತಂದು ಅವ್ವನ ಕೈಗೆ ಕೊಟ್ಟ. ಹುಡುಗಿ ದೊಡ್ಡವಳಾಗುತ್ತಿದ್ದಾಳೆ, ಇನ್ನು ಕುರಿಗೆ ಕಳಿಸಬೇಡ ಎಂದ. ಡಬ್ಬಿ ಚೆನ್ನಾಗಿದೆಯಲ್ಲ ಎಂದು ಅವ್ವ ಅದಕ್ಕೆ ಉಪ್ಪು ತುಂಬಿದಳು. ಮದುವೆಯಾಗಿ ಔರಾದ ಶಹಾಜನಿ ಎಂಬ ಊರಿಗೆ ಹೋಗುವ ತನಕ ಅಕ್ಕ ದಿನಾ ಎರಡು ಹೊತ್ತು ಅದರಿಂದಲೇ ಉಪ್ಪು ತೆಗೆದು ಅಡಿಗೆ ಮಾಡಿದಳು. ಕಡೆಗೆ ಉಪ್ಪು ಆ ತಗಡನ್ನೇ ತಿಂದು ಹಾಕಿತು. ಅಪ್ಪನಿಗೆ ಹೇಳಿದ್ದು ನಾನೆಂದು ಅಕ್ಕನಿಗೆ ನಾನು ಯಾವತ್ತೂ ಹೇಳಿಲ್ಲ. ನನ್ನ ಕೊರಳಿಗೆ ಅಪ್ಪ ಡೊಳ್ಳು ಹಾಕಿದ, ಮೂರು ವರ್ಷ ಕಲಿಸಿದ, ಮೇಳದವರು ಮರ್ಯಾದೆಯಿಂದ ನನ್ನನ್ನು ಶಾಲೆಗೆ ಕಳಿಸಲು ಸಲಹೆ ಕೊಟ್ಟರು. ಅಪ್ಪನ ನಂತರ ನಮ್ಮ ಮನೆಯ ಡೊಳ್ಳು ಗೂಟಕ್ಕೇ ಇದೆ.

ಈ ಬಾಲ್ಯವನ್ನು ಪಂಡಿತರಿಗೆ ಕೊಟ್ಟೆ. ಹುಡುಗಿಯನ್ನು ಹುಡುಗನನ್ನಾಗಿ ಮಾಡಿದೆ. ಡಬ್ಬಿ, ಜಾಲಿ ಗಿಡ, ತಿರುಗಿ ಬರುವ ಕುರಿಗಳು, ಬದುವಿನ ಮರೆಯ ಅಪ್ಪ, ಎಲ್ಲ ಹಾಗೇ ಇಟ್ಟೆ. ಹಾಡು ಮುಗಿಯಿತು ಎಂದು ಬರೆದ ಮೇಲೆ ಮಾತ್ರ ಕೈ ಮುಂದೆ ಹೋಗಲಿಲ್ಲ. ತುಂಬ ಹೊತ್ತು ಕೂತು, ಆ ಅಪ್ಪ ಕಣ್ಣೊರೆಸಿಕೊಂಡು ಬಂದು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಿಜವಾದ ಡೊಳ್ಳಿನ ಮೇಲೆ ಅದರ ಕೈ ಇರಿಸಿದ ಎಂದು ಬರೆದೆ. ಬರೆಯುತ್ತ ನನಗೇ ಅಳು ಬಂತು. ಚಾಡಿ ಹೇಳಿದ ತಮ್ಮನನ್ನು ಇಡೀ ಅಧ್ಯಾಯದಲ್ಲಿ ಎಲ್ಲೂ ತರಲಿಲ್ಲ. ಶಿವಲಿಂಗಪ್ಪ ಓದಿ ನನ್ನ ಎರಡೂ ಕೈ ಹಿಡಿದುಕೊಂಡರು.

ಅಲ್ಲಿಗೆ ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಗ್ರಂಥದಲ್ಲಿ ನನ್ನ ಹೆಸರು ದಪ್ಪಕ್ಷರದಲ್ಲಿ ಬಂದಿತ್ತು, ಅದನ್ನು ನೋಡಲು ನಮ್ಮವರು ಯಾರಾದರೂ ಬೇಕಲ್ಲ. ಹೆಂಡತಿ ಮೊಣಕಾಲು ನೋವೆಂದಳು. ಅಕ್ಕನಿಗೆ ಫೋನು ಮಾಡಿದೆ. ಎಸ್.ಟಿ. ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ತಿಕೀಟು ಆದಾಗಿನಿಂದ ಅಕ್ಕ ಎಲ್ಲಿ ಕರೆದರೂ ಬರುತ್ತಾಳೆ. ಅವಳಿಗೆ ಓದಲು ಬರುವುದಿಲ್ಲ, ಅದೊಂದು ಧೈರ್ಯ. ಕುರಿಗಳನ್ನು ಮಗನಿಗೆ ಒಪ್ಪಿಸಿ, ಹೊಸ ಇಳಕಲ್ ಸೀರೆ ಉಟ್ಟು, ಮಡಿಲಲ್ಲಿ ಸ್ಟೀಲಿನ ರೊಟ್ಟಿ ಡಬ್ಬಿ ಇಟ್ಟುಕೊಂಡು ಸಭಾಗೃಹದಲ್ಲಿ ನನ್ನ ಪಕ್ಕದಲ್ಲಿ ಕೂತಳು.

ಗ್ರಂಥ ಬಿಡುಗಡೆಯಾದ ಮೇಲೆ ಬಾಲ್ಯದ ಅಧ್ಯಾಯವನ್ನು ಓದಿಸುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ಒಬ್ಬ ಶಿಕ್ಷಕಿ ಇಂಪಾದ ದನಿಯಲ್ಲಿ ಓದಿದರು. ಓದು ಬಾರದಿದ್ದರೇನು, ಮರಾಠಿ ಅಕ್ಕನಿಗೆ ನನ್ನಷ್ಟೇ ತಿಳಿಯುತ್ತದೆ. ಎಣ್ಣೆ ಡಬ್ಬಿ ಬಂದಾಗ ಅವಳು ವೇದಿಕೆಯ ಕಡೆ ನೋಡಿದಳು, ಆಮೇಲೆ ನೆಲದ ಕಡೆ. ಪಂಡಿತರು ಭಾವುಕರಾದರು. ಮಾತಾಡಲು ಎದ್ದು, ಆ ಡಬ್ಬಿಯ ನಾದ ಈಗಲೂ ತಮ್ಮ ಕಿವಿಯಲ್ಲಿದೆ ಎಂದರು. ಸುಳ್ಳು ಹೇಳಿದರೆಂದು ನನಗೆ ಅನ್ನಿಸಲಿಲ್ಲ. ಅಷ್ಟು ಚೆನ್ನಾಗಿ ಓದಿದ್ದನ್ನು ಕೇಳಿದರೆ ಯಾರಿಗಾದರೂ ನೆನಪಾಗುತ್ತದೆ. ಮೇಜಿನ ಮೇಲೆ ಬೆರಳಿನಿಂದ ಎರಡು ಸುತ್ತು ಬಾರಿಸಿಯೂ ತೋರಿಸಿದರು. ಜನ ಚಪ್ಪಾಳೆ ಹೊಡೆದರು. ಅದು ಅವರ ಶಾಸ್ತ್ರೀಯ ತಾಳ, ಡೊಳ್ಳಿನದಲ್ಲ. ಚಪ್ಪಾಳೆಯ ನಡುವೆ ಅಕ್ಕನ ಬೆರಳುಗಳು ರೊಟ್ಟಿ ಡಬ್ಬಿಯ ಮುಚ್ಚಳದ ಮೇಲೆ ಮೆಲ್ಲಗೆ, ಯಾರಿಗೂ ಕೇಳದ ಹಾಗೆ, ಅಪ್ಪನ ತಾಳವನ್ನು ಸರಿಯಾಗಿ ಬಾರಿಸುತ್ತಿದ್ದವು. ಐವತ್ತೈದು ವರ್ಷದ ಮೇಲೂ ಒಂದು ಪೆಟ್ಟು ತಪ್ಪಿರಲಿಲ್ಲ.

ಮಧ್ಯಾಹ್ನ ಔರಾದ ಮಾರ್ಗವಾಗಿ ಹೋಗುವ ಎಸ್.ಟಿ. ಸಿಕ್ಕಿತು. ಅಕ್ಕ ಕಿಟಕಿಯ ಕಡೆ ಕೂತು ಎಷ್ಟೋ ಹೊತ್ತು ಹೊಲ ನೋಡುತ್ತಿದ್ದಳು. ನನ್ನ ಮಡಿಲಲ್ಲಿ ಶಾಲು, ತೆಂಗಿನಕಾಯಿ, ಗ್ರಂಥ. ಆ ಹುಡುಗನ ಅಪ್ಪ ಒಳ್ಳೆಯವನಿದ್ದ ಎಂದಳು. ನಾನು ಹೂಂ ಎಂದೆ. ಇನ್ನೊಂದಿಷ್ಟು ದೂರ ಹೋದ ಮೇಲೆ, ನನ್ನ ಕಡೆ ತಿರುಗದೆಯೇ ಕೇಳಿದಳು.

"ಅಂವಗ ಒಬ್ಬ ತಮ್ಮ ಇದ್ದಿಲ್ಲೇನು?"

ಇಷ್ಟು ವರ್ಷ ಅವಳಿಗೆ ಗೊತ್ತೇ ಇತ್ತು. ಪ್ರತಿ ವರ್ಷ ನನಗೆ ರಾಖಿ ಕಟ್ಟುವಾಗಲೂ ಗೊತ್ತಿತ್ತು.

"ಇದ್ದ ಅಕ್ಕಾ. ನಾ ಬರದಿಲ್ಲ."

"ಚಲೋ ಮಾಡ್ದಿ ಬಿಡು," ಎಂದಳು ಅಕ್ಕ. "ಸಣ್ಣಾಂವ ಇದ್ದ ಅಂವಾ. ಎಂಟ ವರ್ಷದ ಹುಡುಗಗ ಏನ್ ತಿಳೀತದ?"

ಔರಾದ ಬಂತು. ರೊಟ್ಟಿ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿದಳು, ಕೆಳಗೆ ನಿಂತು ಕೈ ಬೀಸಿದಳು. ನಾನು ಗ್ರಂಥವನ್ನು ಶಾಲಿನಲ್ಲಿ ಸುತ್ತಿಟ್ಟುಕೊಂಡು ನಿಲಂಗಾದ ತನಕ ಕಣ್ಣೊರೆಸುತ್ತ ಕೂತೆ. ಎಂಟನೆಯ ವಯಸ್ಸಿಗೇ ನ್ಯಾಯ ಅನ್ಯಾಯ ಚೆನ್ನಾಗಿ ತಿಳಿದಿತ್ತು ಎಂದು ಹನ್ನೊಂದು ಜನರ ಬಗ್ಗೆ ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟಿದ್ದೇನೆ. ಅದು ನಿಜವಾಗಿದ್ದದ್ದು ನಾನು ಬರೆಯದೆ ಬಿಟ್ಟ ಹನ್ನೆರಡನೆಯವನ ವಿಷಯದಲ್ಲಿ ಮಾತ್ರ.